ಕ್ರಾಫ್ಟ್ ಕಿಟ್: ಕತ್ತರಿ ಓಕೆ, ಅಂಟು ಮಾತ್ರ ಬೇಡ
ನಮ್ಮ ನಲಿ-ಕಲಿ ತರಗತಿಯ 24 ಮಕ್ಕಳಿಗೆ ಅಂತ ಆನ್‌ಲೈನಿನಲ್ಲಿ ಈ ಕಿಟ್ ತರಿಸಿದೆ, ಕಂಪನಿ ಹೆಸರು ಬೇಡ ಬಿಡಿ. 1,450 ರೂಪಾಯಿ, ಜಾಸ್ತಿಯೇ ಆಯ್ತು. ಬಣ್ಣದ ಕಾಗದ ಚೆನ್ನಾಗಿದೆ, ಎಷ್ಟು ಮಡಚಿದರೂ ಹರಿಯುವುದಿಲ್ಲ, ದೋಣಿ, ಕಪ್ಪೆ ಎಲ್ಲ ಮಾಡಿದೆವು. ಮೊಂಡು ತುದಿಯ ಕತ್ತರಿಯೂ ಪರವಾಗಿಲ್ಲ. ಆದರೆ ಎಡಗೈ ಮಕ್ಕಳಿಗೆ ಒಂದೂ ಇಲ್ಲ; ನನ್ನ ಕ್ಲಾಸಿನಲ್ಲಿ ಅಂಥವರು ಇಬ್ಬರಿದ್ದಾರೆ, ಅವರು ಕತ್ತರಿಸಲು ಹೋದರೆ ಕಾಗದ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ, ಎಳೆದ ಗೆರೆಯೂ ಕಾಣುವುದಿಲ್ಲ, ಪಾಪ. ಅಂಟಂತೂ ಸುಮ್ನೆ ನೀರು. ಕಾಗದ ಒದ್ದೆಯಾಗಿ ಸುಕ್ಕಾಯಿತೇ ಹೊರತು ಅಂಟಲಿಲ್ಲ, ಕೊನೆಗೆ ಬಿಸಿಯೂಟದ ಅನ್ನವನ್ನೇ ಕಿವುಚಿ ಹಚ್ಚಿದೆವು, ಅದು ಗಟ್ಟಿಯಾಗಿ ಕೂತಿತು! ಜೇಡಿಮಣ್ಣಿನ ಪೊಟ್ಟಣವೂ ಅಷ್ಟೇ, ಮಾಡಿದ ಆನೆಗಳೆಲ್ಲ ಮರುದಿನ ಬಿರುಕು ಬಿಟ್ಟಿದ್ದವು. ಅದಕ್ಕಿಂತ ನಮ್ಮ ಕೆರೆ ಮಣ್ಣೇ ವಾಸಿ ಅಲ್ವಾ? ಕಾಗದ, ಕತ್ತರಿ ಬಿಡಿಯಾಗಿ ಸಿಕ್ಕರೆ ಮಾತ್ರ ತಗೊಳ್ಳಿ.