ಮೊಮ್ಮಗಳಿಗಾಗಿ ತಂದ ಟ್ಯಾಬ್: 14 ತಿಂಗಳ ನಂತರ

ಮಗಳ ಸಂಸಾರ ದುಬೈಗೆ ಹೋದ ವಾರವೇ ಪೆರ್ಲದಿಂದ ಕಾಸರಗೋಡು ಪೇಟೆಗೆ ಇಳಿದು ಈ ಟ್ಯಾಬ್ ತಂದೆ. 13,500 ರೂಪಾಯಿ, ಅಡಿಕೆ ಕೊಟ್ಟ ದುಡ್ಡು. ಪುಳ್ಳಿಗೆ, ಅಂದರೆ ಮೊಮ್ಮಗಳಿಗೆ, ಆಗ 4 ವರ್ಷ. ಬ್ಯಾಟರಿ, ಮೆಮೊರಿ ಎಲ್ಲ ಡಬ್ಬಿಯ ಮೇಲೆಯೇ ಉಂಟು, ಓದಿಕೊಳ್ಳಿ. ನನ್ನ ತಕರಾರು ಕ್ಯಾಮೆರಾದ್ದು.

ಕ್ಯಾಮೆರಾ ಇರುವುದು ಗಿಡ್ಡ ಬದಿಯಲ್ಲಿ. ಟ್ಯಾಬನ್ನು ಅಡ್ಡ ನಿಲ್ಲಿಸಿದರೆ ಅದು ಎಡಗಡೆಗೆ ಹೋಗಿ ಕೂರುತ್ತದೆ. ನಾನು ಪರದೆಯಲ್ಲಿ ಮಗುವಿನ ಮುಖ ನೋಡಿಯೇ ಮಾತಾಡುತ್ತೇನೆ, ಆದರೆ ಅವಳಿಗೆ ಅಲ್ಲಿ ನಾನು ಗೋಡೆ ನೋಡಿಕೊಂಡು ಕೂತ ಹಾಗೆ ಕಾಣುತ್ತದೆ. ಎರಡನೇ ದಿನವೇ ಕೇಳಿದಳು, "ಅಜ್ಜಾ, ಆಚೆ ಯಾರುಂಟು? ಯಾರನ್ನು ನೋಡ್ತಾ ಇದ್ದೀರಿ?" ದೊಡ್ಡವರಾದರೆ ಸುಮ್ನೆ ಇರುತ್ತಾರೆ, ಮಗು ಬಿಡುತ್ತದಾ? ಉದ್ದಕ್ಕೆ ನಿಲ್ಲಿಸಿದರೆ ಸ್ಟ್ಯಾಂಡಿನಿಂದ ಮಗುಚಿ ಬೀಳುತ್ತದೆ. ಎರಡು ಸಲ ಬಿದ್ದು ಒಂದು ಮೂಲೆ ಒಡೆದಿದೆ.

ಕೊನೆಗೆ ನನ್ನ ಹೆಂಡತಿ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಕ್ಯಾಮೆರಾದ ಪಕ್ಕ ಅಂಟಿಸಿದಳು. "ಇದನ್ನು ನೋಡಿ ಮಾತಾಡಿ." ಈಗ ಮಗುವಿಗೆ ನನ್ನ ಕಣ್ಣು ಕಾಣುತ್ತದೆ, ನನಗೆ ಮಗು ಕಾಣುವುದಿಲ್ಲ! ಹಾಗಾಗಿ ನಾನು ಮಾತಾಡುವಾಗ ಬೊಟ್ಟು, ಅವಳು ಮಾತಾಡುವಾಗ ಪರದೆ. ಅಭ್ಯಾಸ ಆಗಲಿಕ್ಕೆ ಒಂದು ತಿಂಗಳು ಹಿಡಿಯಿತು.

ದುಬೈಗೆ ವಾಟ್ಸಾಪ್ ಕರೆ ಹೋಗುವುದಿಲ್ಲ, ಅಲ್ಲಿನ ನಿಯಮ ಹಾಗೆ. ವಾಯ್ಸ್ ಮೆಸೇಜ್ ಹೋಗುತ್ತದೆ, ಮುಖ ನೋಡಬೇಕಾದರೆ ಬೋಟಿಮ್ ಎಂಬ ಕರೆಯ ಆ್ಯಪ್ ಹಾಕಿಕೊಳ್ಳಬೇಕು. ನಮ್ಮ ರಾತ್ರಿ 8:30 ಅಂದರೆ ಅಲ್ಲಿ 7 ಗಂಟೆ, ಅವಳ ಊಟದ ಹೊತ್ತು. ನಾನು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇಟ್ಟುಕೊಂಡು ಟ್ಯಾಬಿನ ಎದುರು ಕೂರುತ್ತೇನೆ. ನಾನೊಂದು ತುತ್ತು, ಅವಳೊಂದು ತುತ್ತು. ಉಪ್ಪಿನಕಾಯಿ ನೆಕ್ಕುವಾಗ ನಾನು ಮುಖ ಕಿವುಚಬೇಕು, ಮರೆತರೆ ಅವಳು ಬಾಯಿ ತೆರೆಯುವುದಿಲ್ಲ.

ಇನ್ನೊಂದು ದೂರು ಬರೆಯಬೇಕೆಂದಿದ್ದೆ. ಇದರ ಮೈಕಿಗೆ ಸುತ್ತಲಿನ ಗದ್ದಲ ತಡೆಯಲಿಕ್ಕೆ ಗೊತ್ತಿಲ್ಲ, ಮಿಕ್ಸಿ, ನಾಯಿ, ಎಲ್ಲ ಆಚೆ ಕೇಳುತ್ತದೆ. ಕಳೆದ ಜೂನಿನಲ್ಲಿ ಒಂದು ರಾತ್ರಿ ಜೋರು ಮಳೆ. ನಾನು ಏನು ಹೇಳಿದರೂ ಕೇಳುವುದಿಲ್ಲ ಎಂದು ಮಗಳು ಇನ್ನೇನು ಕರೆ ಕಟ್ ಮಾಡಬೇಕು, ಪುಳ್ಳಿ "ಬೇಡಮ್ಮಾ" ಎಂದಳು. ಟ್ಯಾಬನ್ನು ಜಗಲಿಗೆ ತಂದು ಮಾಡಿನ ನೀರು ಬೀಳುವ ಕಡೆ ಹಿಡಿದೆ. ಕತ್ತಲಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಅವಳು ಕೇಳಿಕೊಂಡೇ ತಟ್ಟೆ ಖಾಲಿ ಮಾಡಿದಳು. ಆಮೇಲೆ ಮಳೆಗಾಲ ಮುಗಿಯುವವರೆಗೆ ದಿನಾ ಮೊದಲ ಪ್ರಶ್ನೆ, "ಅಜ್ಜಾ, ಮಳೆ ಉಂಟಾ?" ಆ ದೂರು ವಾಪಸ್.

ಒಟ್ಟು 5ಕ್ಕೆ 3 ಸ್ಟಾರ್. ಹೊಸತು ಕೊಳ್ಳುವವರು ಉದ್ದ ಬದಿಯಲ್ಲಿ ಕ್ಯಾಮೆರಾ ಇರುವುದನ್ನೇ ನೋಡಿ ತೆಗೆದುಕೊಳ್ಳಿ, ಈಗ ಸಿಗುತ್ತದೆ. ಇದನ್ನೇ ಕೊಳ್ಳುವುದಾದರೆ ಬೊಟ್ಟಿನ ಅಂಟು ಹದಿನೈದು ದಿನಕ್ಕೆ ಬಿಡುತ್ತದೆ, ಪ್ಯಾಕೆಟಿಗೆ 10 ರೂಪಾಯಿ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.