ಹಳೆಯ ವಾಷಿಂಗ್ ಮಷಿನ್ನಿಗೆ ಹೊಸ ಭಾಗವೋ, ಗುಜರಿಯ ಭಾಗವೋ?

ಹಾಸನದ ನಮ್ಮ ಮನೆಯಲ್ಲಿರುವ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ನನ್ನು ಅಪ್ಪ 1997ರಲ್ಲಿ ತಂದದ್ದು. ಆ ಮಾದರಿಯ ಅಸಲಿ ಬಿಡಿಭಾಗಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ, ಏನಾದರೂ ಕೆಟ್ಟಾಗ ನನ್ನ ಮುಂದೆ ಮೂರು ದಾರಿಗಳಿರುತ್ತವೆ: ಅದೇ ಅಳತೆಯ ಹೊಸ ಭಾಗವನ್ನು ಕೊಳ್ಳುವುದು, ಗುಜರಿ ಅಂಗಡಿಗೆ ಬಂದ ಅದೇ ಮಾದರಿಯ ಯಂತ್ರದಿಂದ ಕಳಚಿ ತರುವುದು, ಅಥವಾ ಇರುವುದನ್ನೇ ಸರಿಪಡಿಸುವುದು. ಕಳೆದ ಎರಡು ವರ್ಷಗಳಲ್ಲಿ ಮೂರನ್ನೂ ಒಂದೇ ಯಂತ್ರದ ಮೇಲೆ ಪ್ರಯೋಗಿಸಿ ನೋಡಿದ್ದೇನೆ.

ಯಾವುದನ್ನು ಬದಲಿಸಬೇಕೆಂದು ನಿರ್ಧರಿಸುವ ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ತೆಗೆದು, ಒಗೆಯುವ ತೊಟ್ಟಿಯ ತಳದಲ್ಲಿ ತಿರುಗುವ ತಟ್ಟೆಯಾದ ಪಲ್ಸೇಟರನ್ನೂ ಹಿಂಡುವ ಡಬ್ಬವನ್ನೂ ಕೈಯಿಂದ ತಿರುಗಿಸಿ ನೋಡಬೇಕು. ಹಿಂಡುವ ಡಬ್ಬದ ಮುಚ್ಚಳವನ್ನು ಮುಚ್ಚಿದಾಗ ಮಾತ್ರ ಬ್ರೇಕ್ ಬಿಡುವುದರಿಂದ, ಈ ಪರೀಕ್ಷೆ ಮಾಡುವಾಗ ಮುಚ್ಚಳದ ಕೀಲನ್ನು ಒತ್ತಿ ಹಿಡಿದಿರಬೇಕಾಗುತ್ತದೆ. ಡಬ್ಬ ಸಲೀಸಾಗಿ ತಿರುಗುತ್ತಿದ್ದರೂ ವಿದ್ಯುತ್ ಕೊಟ್ಟಾಗ ಮೋಟರು ಗುಂಯ್‌ಗುಡುತ್ತಾ ನಿಂತೇ ಇದ್ದರೆ ಮೊದಲ ಅನುಮಾನ ಕೆಪಾಸಿಟರಿನ, ಅಂದರೆ ಮೋಟರು ತಿರುಗತೊಡಗಲು ನೆರವಾಗುವ ವಿದ್ಯುತ್ ಭಾಗದ ಮೇಲೆ. ಕೈಗೇ ಬಿಗಿಯೆನಿಸಿದರೆ ಬ್ರೇಕ್, ಬುಷ್ (ಶಾಫ್ಟು ಎಂಬ ತಿರುಗುವ ದಂಡವನ್ನು ಹಿಡಿದಿಡುವ ಬಳೆ) ಅಥವಾ ಸಂದಿಯಲ್ಲಿ ಸಿಕ್ಕಿಕೊಂಡ ಕರವಸ್ತ್ರವನ್ನು ಹುಡುಕಬೇಕು.

ಕೆಪಾಸಿಟರಿನ ವಿಷಯದಲ್ಲಿ ಹೋಲಿಕೆ ಬೇಗ ಮುಗಿಯಿತು. 10 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ನಮ್ಮ ಹಳೆಯದು ಮೀಟರಿನಲ್ಲಿ 6.2 ತೋರಿಸಿತು, ಗುಜರಿಯಿಂದ ತಂದದ್ದು 7.8 ತೋರಿಸಿತು. ಒಳಗಿನ ಲೋಹಲೇಪಿತ ಪದರ ವರ್ಷಗಳು ಕಳೆದಂತೆ ಸವೆಯುವುದರಿಂದ ಬಳಸಿದ ಕೆಪಾಸಿಟರನ್ನು ತರುವುದರಲ್ಲಿ ಅರ್ಥವಿಲ್ಲ. ಅದೇ ಮೌಲ್ಯದ, 440 ವೋಲ್ಟಿನ ಹೊಸದನ್ನೇ ಹಾಕಬೇಕು. ಹಳೆಯದರ ತುದಿಗಳನ್ನು ಮುಟ್ಟುವ ಮೊದಲು ಅದರಲ್ಲಿ ಉಳಿದ ವಿದ್ಯುತ್ತನ್ನು ಒಂದು ರೆಸಿಸ್ಟರಿನ ಮೂಲಕ ಖಾಲಿ ಮಾಡಿಕೊಳ್ಳಬೇಕು.

ಬೆಲ್ಟಿನ ವಿಷಯದಲ್ಲಿ ನಾನು ಮೊದಲು ತಪ್ಪು ದಾರಿ ಹಿಡಿದೆ. ಬಟ್ಟೆ ತುಂಬಿದಾಗ ಮೋಟರು ತಿರುಗಿ ಪಲ್ಸೇಟರ್ ನಿಲ್ಲುತ್ತಿದ್ದುದರಿಂದ, ಮೋಟರಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಹಿಂದಕ್ಕೆ ಸರಿಸಿ ಬೆಲ್ಟನ್ನು ಬಿಗಿದೆ. ಮೂರು ವಾರ ಚೆನ್ನಾಗಿ ನಡೆದು, ಆಮೇಲೆ ಮೋಟರಿನ ಬುಷ್ ಕಿರುಗುಟ್ಟತೊಡಗಿತು. ವಿ ಆಕಾರದ ಬೆಲ್ಟು ತನ್ನ ಎರಡು ಓರೆ ಬದಿಗಳಿಂದ ಪುಲ್ಲಿ ಎಂಬ ಕೊರಕಲಿನ ಚಕ್ರವನ್ನು ಹಿಡಿಯಬೇಕೇ ಹೊರತು ತಳದಿಂದಲ್ಲ. ಬದಿಗಳು ಸವೆದು ಬೆಲ್ಟು ಕೊರಕಲಿನ ತಳಕ್ಕೆ ಕುಳಿತ ಮೇಲೆ ಎಷ್ಟು ಬಿಗಿದರೂ ಆ ಹೊರೆ ಬುಷ್ಷಿನ ಮೇಲೆ ಬೀಳುತ್ತದೆಯಲ್ಲದೆ ಹಿಡಿತ ಹೆಚ್ಚುವುದಿಲ್ಲ. ಗುಜರಿಯ ಬೆಲ್ಟು ನೋಡಲು ಚೆನ್ನಾಗಿತ್ತು, ಆದರೆ ಬಗ್ಗಿಸಿದಾಗ ಒಳಮೈಯಲ್ಲಿ ಸೀಳುಗಳು ಕಂಡವು. ಹಳೆಯ ಬೆಲ್ಟಿನ ಮೇಲಿನ ಸಂಖ್ಯೆಯನ್ನು ತೋರಿಸಿ ತಂದ ಹೊಸ ಬೆಲ್ಟನ್ನು, ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಗ್ಗುವಷ್ಟು ಬಿಗಿದು ಹಾಕಿದ್ದೇನೆ, ಹದಿನಾಲ್ಕು ತಿಂಗಳಾದರೂ ಜಾರಿಲ್ಲ.

ಹಿಂಡುವ ಡಬ್ಬದ ಕೆಳಗೆ ನೀರು ಸೋರದಂತೆ ತಡೆಯುವ ರಬ್ಬರಿನ ಸೀಲು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು, ಏಕೆಂದರೆ ಅಲ್ಲಿ ಸೋರಿದ ನೀರು ನೇರವಾಗಿ ಮೋಟರಿನ ಮೇಲೆ ಬೀಳುತ್ತದೆ. ಸಿಲಿಕೋನ್ ಅಂಟನ್ನು ಹಚ್ಚಿ ನೋಡಿದೆ. ತಿರುಗುವ ಶಾಫ್ಟಿಗೂ ರಬ್ಬರಿನ ತುಟಿಗೂ ನಡುವೆ ಅಂಟು ನಿಲ್ಲುವಂತಿಲ್ಲ, ಮೊದಲ ಒಗೆತದಲ್ಲೇ ಅದು ಕಿತ್ತು ಬಂದಿತು. ಗುಜರಿಯ ಸೀಲಿನ ರಬ್ಬರು ಗಟ್ಟಿಯಾಗಿತ್ತು. ಕೊನೆಗೆ ಹಾಕಿದ ಹೊಸ ಸೀಲೂ ಹನಿಸಿದಾಗ ನಿಜವಾಗಿ ಬೇಸರವಾಯಿತು. ಮತ್ತೆ ಕಳಚಿ ನೋಡಿದರೆ, ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಶಾಫ್ಟಿನ ಮೇಲೆ ನಮ್ಮ ಬೋರ್‌ವೆಲ್ ನೀರಿನ ಸುಣ್ಣದ ಪದರವೂ ತುಕ್ಕೂ ಕೂಡಿ ಒರಟಾಗಿತ್ತು. ಅದನ್ನು ನಯವಾದ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ, ನೀರಿಗೆ ಕರಗದ ಗ್ರೀಸನ್ನು ತೆಳ್ಳಗೆ ಸವರಿ ಸೀಲನ್ನು ಕೂರಿಸಿದ ಮೇಲೆ, ಕೆಳಗೆ ಹಾಸಿದ ಪತ್ರಿಕೆಯ ಕಾಗದ ಇಡೀ ರಾತ್ರಿ ಒಣಗಿಯೇ ಇತ್ತು. ಅಂದರೆ ಇಲ್ಲಿ ಹೊಸ ಭಾಗವೊಂದೇ ಸಾಲದು, ಹಳೆಯ ಶಾಫ್ಟಿನ ಆರೈಕೆಯೂ ಬೇಕು.

ಪಲ್ಸೇಟರನ್ನು ತಿರುಗಿಸುವ ಗೇರ್‌ಬಾಕ್ಸಿಗೆ ಬಂದಾಗ ಲೆಕ್ಕ ತಿರುಗಿತು. ಅಪ್ಪನ ಬಿಳಿ ಪಂಚೆಯ ಮೇಲೆ ಕಪ್ಪು ಜಿಡ್ಡಿನ ಕಲೆಗಳು ಕಂಡಾಗ ಪಲ್ಸೇಟರನ್ನು ತೆಗೆದು ಶಾಫ್ಟನ್ನು ಅಲುಗಾಡಿಸಿದೆ, ಅದು ಸಡಿಲವಾಗಿತ್ತು. ತಂದ ಹೊಸ ಗೇರ್‌ಬಾಕ್ಸು ಮೂರೇ ತಿಂಗಳಲ್ಲಿ ಗರಗರ ಸದ್ದು ಮಾಡತೊಡಗಿತು. ಗುಜರಿಯಿಂದ ತಂದ ಅಸಲಿ ಗೇರ್‌ಬಾಕ್ಸಿನ ಹಲ್ಲುಗಳು ಒಂದಿಷ್ಟೂ ಸವೆದಿರಲಿಲ್ಲ, ಶಾಫ್ಟು ಭಾರವಾದ ಉಕ್ಕಿನದು, ಆದರೆ ಆಯಿಲ್ ಸೀಲು ಹೋಗಿತ್ತು, ಬುಷ್ಷು ಸಡಿಲವಾಗಿತ್ತು. ಲೇತ್ ಅಂಗಡಿಯವರಿಂದ ಗನ್‌ಮೆಟಲ್ ಬುಷ್ ಮಾಡಿಸಿ, ಹೊಸ ಆಯಿಲ್ ಸೀಲು ಹಾಕಿ ಜೋಡಿಸಿದೆ. ಸೀಲಿನ ಬೆಲೆ, ಬುಷ್ಷಿನ ಕೂಲಿ, ಗುಜರಿಯ ಬೆಲೆ ಎಲ್ಲವೂ ಸೇರಿ ಹೊಸ ಗೇರ್‌ಬಾಕ್ಸಿಗಿಂತ ತುಸು ಹೆಚ್ಚೇ ಖರ್ಚಾಯಿತು, ಒಂದು ಭಾನುವಾರವೂ ಹೋಯಿತು. ಆದರೂ ನಾನು ಮತ್ತೆ ಇದನ್ನೇ ಆರಿಸಿಕೊಳ್ಳುತ್ತೇನೆ. ರಬ್ಬರನ್ನೂ ಕೆಪಾಸಿಟರನ್ನೂ ವಯಸ್ಸೇ ಕೆಡಿಸುತ್ತದೆ, ಉಕ್ಕನ್ನು ಹಾಗಲ್ಲ.

ಬ್ರೇಕಿಗೆ ಮಾತ್ರ ಏನನ್ನೂ ಕೊಳ್ಳಬೇಕಾಗಲಿಲ್ಲ. ಮುಚ್ಚಳ ಮುಚ್ಚಿದಾಗ ತಂತಿಯೊಂದು ಬ್ರೇಕಿನ ಪಟ್ಟಿಯನ್ನು ಡ್ರಮ್ಮಿನಿಂದ ದೂರಕ್ಕೆ ಎಳೆಯುತ್ತದೆ. ಆ ತಂತಿ ಜೋಲಾಗಿ ಪಟ್ಟಿ ಅರೆಬರೆ ಉಜ್ಜುತ್ತಿದ್ದುದರಿಂದಲೇ ಡಬ್ಬ ನಿಧಾನವಾಗಿ ತಿರುಗಿ, ಸುಟ್ಟ ವಾಸನೆ ಬರುತ್ತಿತ್ತು. ಮೋಟರನ್ನೇ ಬದಲಿಸಬೇಕೆಂದು ನೋಡಿದವರೊಬ್ಬರು ಹೇಳಿದ್ದರು. ತಂತಿಯ ಕೊಕ್ಕೆಯನ್ನು ಪಕ್ಕದ ರಂಧ್ರಕ್ಕೆ ಸಿಕ್ಕಿಸಿದೆ, ಅಷ್ಟೇ. ಅದೇ ಮೋಟರು ಇವತ್ತಿಗೂ ಪೂರ್ತಿ ವೇಗದಲ್ಲಿ ತಿರುಗುತ್ತಿದೆ.