ಕ್ಯಾರವಾನ್ ಬಾಡಿಗೆಗೆ ತಗೊಳ್ಳುವ ಮುಂಚೆ ಓದಿ: "24 ಗಂಟೆ ಎಸಿ" ಅನ್ನೋ ಮಾತು ನಂಬಬೇಡಿ

ಬೇಸಿಗೆ ರಜೆಗೆ ಕ್ಯಾರವಾನ್ ಬಾಡಿಗೆಗೆ ತಗೊಂಡು ಹೊರಡುವವರು ದಯವಿಟ್ಟು ಓದಿ. ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು. "24 ಗಂಟೆ ಎಸಿ" ಎಂದು ನಮಗೆ ಕೊಟ್ಟ ಗಾಡಿಯಲ್ಲಿ ಎಸಿ ಓಡಿದ್ದು ಗಾಡಿ ಓಡುವಾಗ ಮಾತ್ರ. ನಿಂತ ಮೇಲೆ ಅದು ಬರೀ ತಗಡಿನ ಡಬ್ಬ. ಅದೂ ಎಲ್ಲಿ? ವಿಜಯಪುರದಲ್ಲಿ, ಮೇ ತಿಂಗಳಲ್ಲಿ!

ಕಂಪನಿಯ ಹೆಸರು ಹಾಕುತ್ತಿಲ್ಲ. ನಮ್ಮ ಡೆಪಾಸಿಟ್ ಇನ್ನೂ ಅವರ ಕೈಯಲ್ಲೇ ಇದೆ.

ಬಸ್ಸು, ರೈಲು ಬಿಟ್ಟು ಇಷ್ಟು ದುಡ್ಡು ಸುರಿದಿದ್ದು ನಮ್ಮ ಅತ್ತೆಗೋಸ್ಕರ. ಮಂಡಿ ನೋವು, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಗೋಳಗುಮ್ಮಟ ನೋಡಬೇಕೆಂದು ಅವರಿಗೆ ಬಹಳ ವರ್ಷದ ಆಸೆ. ಕೆಳಗಿನದನ್ನೆಲ್ಲ ನೋಡಿ ಅವರು ವ್ಯಾನಿನಲ್ಲಿ ತಣ್ಣಗೆ ಮಲಗಲಿ, ನಾವು ಮೇಲೆ ಹತ್ತಿ ಬರೋಣ, ಇನ್ಸುಲಿನ್ ಫ್ರಿಜ್‌ನಲ್ಲಿರಲಿ ಅಂತ ಲೆಕ್ಕ ಹಾಕಿದ್ದೆವು. ಬುಕ್ ಮಾಡುವಾಗಲೇ ಇದನ್ನೆಲ್ಲ ಬಿಡಿಸಿ ಹೇಳಿದ್ದೆ. ವಾಟ್ಸಾಪ್‌ನಲ್ಲಿ ಬಂದ ಉತ್ತರ ಈಗಲೂ ಇಟ್ಟುಕೊಂಡಿದ್ದೇನೆ: "ಏನೂ ಟೆನ್ಶನ್ ಬೇಡ ಮೇಡಂ, ಎಸಿ, ಫ್ರಿಜ್ ಎಲ್ಲಾ 24 ಗಂಟೆ. ಮನೆ ಥರಾನೇ." ಜೊತೆಗೆ ಫೋಟೋ. ಅದರಲ್ಲಿ ಹಿಂದುಗಡೆ ಜನರೇಟರ್ ಕೂಡ ಕಾಣುತ್ತಿತ್ತು.

ರಾತ್ರಿ ಬೆಂಗಳೂರು ಬಿಟ್ಟೆವು. ಚಿತ್ರದುರ್ಗ, ಹೊಸಪೇಟೆ ದಾಟಿ ಬೆಳಗಿನವರೆಗೂ ಗಾಡಿ ಓಡುತ್ತಲೇ ಇತ್ತು, ಹಾಗಾಗಿ ಒಳಗೆ ತಂಪು. ಅತ್ತೆ ಹೊದ್ದುಕೊಂಡು ಮಲಗಿದ್ದರು. ನನಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಗೋಳಗುಮ್ಮಟದ ಹತ್ತಿರ ಗಾಡಿ ನಿಲ್ಲಿಸುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿ ಈ ಸಮಯದಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅತ್ತೆ ಒಳಗೆ ನಿಂತು ಗುಮ್ಮಟ ನೋಡಿದರು. 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ತುಂಬಾ ಖುಷಿಪಟ್ಟರು. ಆಮೇಲೆ ಅವರನ್ನು ವ್ಯಾನಿಗೆ ಬಿಟ್ಟು, ಹಿಂದಿನ ಗೋಡೆಯ ಎಸಿ ಹಾಕಿ, ನಾವು ಮೂಲೆಯ ಗೋಪುರದ ಮೆಟ್ಟಿಲು ಹತ್ತಿದೆವು. ಮಕ್ಕಳು ಮೇಲಿನ ಗ್ಯಾಲರಿಯಲ್ಲಿ ಕೂಗಿ ಕೂಗಿ ಪ್ರತಿಧ್ವನಿ ಕೇಳುತ್ತಿದ್ದರು. ಅವರನ್ನು ಎಳೆದುಕೊಂಡು ಇಳಿಯುವಷ್ಟರಲ್ಲಿ ಒಂದು ಗಂಟೆಗೂ ಜಾಸ್ತಿ ಆಯಿತು.

ಬಂದು ನೋಡಿದರೆ ಅತ್ತೆ ಹೊರಗೆ ಮರದ ಕೆಳಗೆ ಕೂತಿದ್ದಾರೆ. ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ಮುಖ ಕೆಂಪಗಾಗಿದೆ. ಪಕ್ಕದಲ್ಲಿ ಸೌತೆಕಾಯಿ ಮಾರುವ ಹೆಂಗಸು ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದಾಳೆ. "ಒಳಗ ಭಾಳ ಧಗಿ ಐತ್ರಿ ಅಕ್ಕಾರ. ನಾನೇ ಅವ್ವಾರನ್ನ ಹೊರಗ ಕರದೆ" ಅಂದಳು. ಆ ತಾಯಿ ಇರದಿದ್ದರೆ ಏನಾಗುತ್ತಿತ್ತೋ.

ಒಳಗೆ ಹೋದೆ. ರೆಕ್ಸಿನ್ ಸೀಟು ಮುಟ್ಟುವ ಹಾಗಿಲ್ಲ. ನಲ್ಲಿ ತಿರುಗಿಸಿದರೆ ಬಿಸಿ ನೀರು. ಎಸಿ ರಿಮೋಟ್ ಮಾತ್ರ 18 ಅಂತ ತೋರಿಸುತ್ತಿದೆ! ಸೀಟಿನ ಕೆಳಗೆ ಇನ್ವರ್ಟರ್ ಕುಯ್ಯೋ ಅನ್ನುತ್ತಿದೆ. ಫ್ರಿಜ್ ತೆಗೆದರೆ ಹಾಲು ಒಡೆದಿತ್ತು, ಇನ್ಸುಲಿನ್ ಬಾಟಲಿ ಬೆಚ್ಚಗಿತ್ತು. ಅದನ್ನು ಎಸೆದು ಮೆಡಿಕಲ್ ಸ್ಟೋರ್ ಹುಡುಕಿಕೊಂಡು ಊರೆಲ್ಲ ಅಲೆದೆವು.

ಡ್ರೈವರನ್ನು ಕೇಳಿದೆ. ಪಾಪ, ಅವನು ತಲೆ ಎತ್ತಲಿಲ್ಲ. "ನಿಂತಾಗ ಎಸಿ ಬೇಕಂದ್ರೆ ಕರೆಂಟ್ ಪಾಯಿಂಟ್‌ಗೆ ಚುಚ್ಚಬೇಕು ಮೇಡಂ. ಬ್ಯಾಟರಿ ಮೇಲೆ ಬರಲ್ಲ. ಎಲ್ಲರೂ ಇದನ್ನೇ ಕೇಳ್ತಾರೆ." ಎಲ್ಲರೂ ಕೇಳ್ತಾರೆ! ಅಂದರೆ ನಮಗಿಂತ ಮುಂಚೆಯೂ ಜನ ಹೀಗೇ ಬೆವರಿದ್ದಾರೆ. ನನಗೆ ಮೈ ಉರಿದಿದ್ದು ಆಗ.

ಆಫೀಸಿಗೆ ಫೋನ್ ಮಾಡಿದೆ.

"ಎಸಿ ಕೆಲಸ ಮಾಡ್ತಿದೆ ಮೇಡಂ, ಪವರ್ ಇಲ್ಲ ಅಷ್ಟೇ."

ಜನರೇಟರ್ ಎಲ್ಲಿ ಅಂದೆ.

"ಅದು ನಮ್ಮ ಬೇರೆ ಗಾಡಿ ಫೋಟೋ. ರೆಫರೆನ್ಸ್‌ಗೆ ಕಳಿಸಿದ್ದು."

24 ಗಂಟೆ ಅಂದಿದ್ರಲ್ಲ?

"24 ಗಂಟೆ ಎಸಿ *ಇರುತ್ತೆ* ಅಂದ್ವಿ ಮೇಡಂ. ಓಡುತ್ತೆ ಅಂತ ಎಲ್ಲಿ ಅಂದ್ವಿ?"

ನಿಜವಾಗಲೂ ಹೀಗೇ ಹೇಳಿದ. ನಗುತ್ತಾ ಹೇಳಿದ. ಇಂಜಿನ್ ಆನ್ ಮಾಡಿಟ್ಟುಕೊಳ್ಳಿ, ಡೀಸೆಲ್ ನಿಮ್ಮದು ಅಂತ ಸಲಹೆ ಬೇರೆ.

ಅತ್ತೆ ನನ್ನನ್ನು ಬೈಯಲಿಲ್ಲ. "ಬಸ್ಸಲ್ಲೇ ಬರಬಹುದಿತ್ತಲ್ಲಮ್ಮ" ಅಂದರು ಅಷ್ಟೇ. ಬೈದಿದ್ದರೇ ವಾಸಿ ಅನಿಸಿತು.

ಆಮೇಲೆ ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲಾ ಓಡುತ್ತಾ ನೋಡಿದ್ದು. ಸರದಿ ಮೇಲೆ ಒಬ್ಬೊಬ್ಬರು ಅತ್ತೆ ಜೊತೆ ನೆರಳಿನಲ್ಲಿ ಕೂತೆವು. ಮಲಿಕ್-ಎ-ಮೈದಾನ್ ಫಿರಂಗಿ ಎಂಥ ಬಿಸಿಲಿಗೂ ತಣ್ಣಗಿರುತ್ತದೆ ಅಂತ ಅಲ್ಲಿ ಹೇಳುತ್ತಾರೆ. ಆ 55 ಟನ್ನಿನ ಲೋಹದ ಪಕ್ಕವೇ ಹಾಸಿಗೆ ಹಾಕಬಹುದಿತ್ತು, ನಮ್ಮ ವ್ಯಾನಿಗಿಂತ ವಾಸಿ. ರಾತ್ರಿ ಒಂದು ಲಾಡ್ಜ್‌ನಲ್ಲಿ ಕರೆಂಟ್ ಕೇಳಿದರೆ "ಎಸಿ ಲೋಡ್ ಕೊಡಲ್ರಿ" ಅಂದರು. ಅವರ ತಪ್ಪೇನಿಲ್ಲ. ಅಲ್ಲೇ ಎರಡು ರೂಮ್ ತಗೊಂಡೆವು. ಮಲಗುವ ಗಾಡಿ ಹೊರಗೆ, ನಾವು ಲಾಡ್ಜ್‌ನಲ್ಲಿ!

ವಾಪಸ್ ಬಂದ ಮೇಲೆ ಡೆಪಾಸಿಟ್ ಕೇಳಿದರೆ, "ನೀವು ಎಸಿ ಹಾಕಿದ್ದಕ್ಕೆ ಬ್ಯಾಟರಿ ಡ್ಯಾಮೇಜ್ ಆಗಿದೆ" ಅಂತ 6,500 ರೂಪಾಯಿ ಕಡಿತ. ಎಸಿ ಹಾಕಿದ್ದಕ್ಕೆ ದಂಡ! ಉಳಿದದ್ದು "ಪ್ರೋಸೆಸ್‌ನಲ್ಲಿದೆ". ಈಗ ಮೆಸೇಜ್ ಮಾಡಿದರೆ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ.

ನಮ್ಮ ಎಲೆಕ್ಟ್ರಿಷಿಯನ್ ಹೇಳಿದ ಲೆಕ್ಕ ಕೇಳಿ. 12 ವೋಲ್ಟಿನ 150 ಆಂಪ್ ಅವರ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್, ಅದೂ ಪೂರ್ತಿ ಸಿಗುವುದಿಲ್ಲ. ಒಂದು ಟನ್ ಎಸಿ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತದೆ. ಒಂದು ಗಂಟೆ ಓಡಿದರೆ ಪುಣ್ಯ. ಗಾಡಿ ಬಾಡಿಗೆ ಕೊಡುವವರಿಗೆ ಇದು ಗೊತ್ತಿಲ್ಲದೆ ಇರುತ್ತಾ? ಚೆನ್ನಾಗಿ ಗೊತ್ತು.

ತಗೊಳ್ಳಲೇಬೇಕು ಅಂದರೆ, ಅವರ ಅಂಗಳದಲ್ಲೇ ಇಂಜಿನ್ ಆಫ್ ಮಾಡಿಸಿ, ಕರೆಂಟ್ ವೈರ್ ಕೀಳಿಸಿ, ಎಸಿ ಹಾಕಿ ಒಂದು ಗಂಟೆ ಒಳಗೆ ಕೂತು ನೋಡಿ. ಜನರೇಟರ್ ಇದೆ ಅಂದರೆ ಅದೇ ಗಾಡಿ ನಂಬರ್ ಜೊತೆ ವಿಡಿಯೋ ತೆಗೆಯಿರಿ. ಇನ್ಸುಲಿನ್‌ಗೆ ಐಸ್ ಡಬ್ಬಿ ಬೇರೆಯಾಗಿ ಇಟ್ಟುಕೊಳ್ಳಿ. "ಮನೆ ಥರಾನೇ" ಅಂದವರಿಗೆ ಅಡ್ವಾನ್ಸ್ ಕೊಡಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ದೂರಿನ ನಂಬರ್ ಬಂದಿದೆ. ದುಡ್ಡು ಬಂದಿಲ್ಲ.